ಔಷಧದ ತಟ್ಟೆಯಲ್ಲಿ ಮೂರು ಚುಕ್ಕೆ

ನಮ್ಮ ಮಾವ ನಿವೃತ್ತರಾಗಿ ಹನ್ನೊಂದು ವರ್ಷವಾಯಿತು. ಈ ಹನ್ನೊಂದು ವರ್ಷವೂ ನಾನು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅವರು ಕೇಳುವುದು ಒಂದೇ ಪ್ರಶ್ನೆ: "ಏನಮ್ಮಾ, ಅಜ್ಜಿ ಹೇಗಿದ್ದಾಳೆ?" ನನಗೆ ಮೈ ಸುಡುವ ಜ್ವರ ಬಂದು ಬಸ್ಸಿನ ಕಿಟಕಿಗೆ ಒರಗಿಕೊಂಡು ಬಂದ ದಿನವೂ ಅದೇ. ಒಮ್ಮೆ ಮೆಟ್ಟಿಲಲ್ಲಿ ಜಾರಿ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕುಂಟುತ್ತ ಬಂದೆ. ಮಾವ ಪಟ್ಟಿ ನೋಡಿದರು, ನನ್ನ ಮುಖ ನೋಡಿದರು, "ಬೀಳುವಾಗ ಕೈಯಲ್ಲಿ ಅಜ್ಜಿ ಇರಲಿಲ್ಲ ತಾನೇ?" ಎಂದರು. ಆ ದಿನ ನಾನು ಊಟ ಬಿಟ್ಟೆ. ಅವರಿಗೆ ಅದೂ ಗೊತ್ತಾಗಲಿಲ್ಲ.

ಅಜ್ಜಿ ಅಂದರೆ ಮನುಷ್ಯರಲ್ಲ, ಒಂದು ಬ್ಯಾಕ್ಟೀರಿಯಾ. ನಮ್ಮದು ಕಿಣ್ವ ತಯಾರಿಸುವ ಚಿಕ್ಕ ಕಾರ್ಖಾನೆ. ಮಗ್ಗದಲ್ಲಿ ನೂಲು ಕಡಿಯದಿರಲಿ ಎಂದು ಅದಕ್ಕೆ ಗಂಜಿ ಹಾಕುತ್ತಾರಲ್ಲ, ಬಟ್ಟೆ ನೇಯ್ದಾದ ಮೇಲೆ ಆ ಗಂಜಿಯನ್ನು ತೆಗೆಯಬೇಕು. ತೆಗೆಯುವುದು ನಮ್ಮ ಕಿಣ್ವ. ಕಿಣ್ವ ಮಾಡಿಕೊಡುವುದು ಅಜ್ಜಿ. ಬಟ್ಟೆ ಗಿರಣಿಯ ಹಿಂದಿನ ಚರಂಡಿಯಲ್ಲಿ ಗಂಜಿ ನೀರು ಹರಿಯುವ ಕಡೆ ಮಾವ ಮೂಗು ಮುಚ್ಚಿಕೊಂಡು ಕೂತು, ಮೂವತ್ತೊಂದು ವರ್ಷದ ಹಿಂದೆ ಅವಳನ್ನು ಹಿಡಿದು ತಂದರಂತೆ. ಅಂದಿನಿಂದ ಕಾರ್ಖಾನೆಯ ದೊಡ್ಡ ಟ್ಯಾಂಕುಗಳಲ್ಲೆಲ್ಲ ಅವಳ ಸಂತಾನವೇ. ಅವಳನ್ನು ಶುದ್ಧವಾಗಿ ಕಾಯುವ ಕೋಣೆಗೆ ಎಲ್ಲರೂ ಹೇಳುವುದು ಬೀಜದ ಕೋಣೆ ಎಂದು. ಮೊದಲು ಅದು ಮಾವನದಾಗಿತ್ತು, ಅವರ ಕೈಕೆಳಗೆ ಏಳು ವರ್ಷ ಬೈಸಿಕೊಂಡು ಕಲಿತ ನನಗೆ ಆಮೇಲೆ ಬಂತು.

"ಚೆನ್ನಾಗಿದ್ದಾಳೆ ಮಾವ, ಶುದ್ಧವಾಗಿದ್ದಾಳೆ," ಎಂದು ನಾನು ದಿನಾ ಉತ್ತರ ಕೊಡುತ್ತಿದ್ದೆ. ಎರಡು ವರ್ಷದಿಂದ ಅದು ಅರ್ಧ ಸುಳ್ಳು. ಅಜ್ಜಿ ಶುದ್ಧವಾಗಿಯೇ ಇದ್ದಳು, ಚೆನ್ನಾಗಿರಲಿಲ್ಲ. ಟ್ಯಾಂಕಿಗೆ ನೂರು ಅಂಕದಷ್ಟು ಕಿಣ್ವ ಕೊಡುತ್ತಿದ್ದವಳು ತೊಂಬತ್ತಕ್ಕೆ ಇಳಿದಳು, ಎಂಬತ್ತಕ್ಕೆ ಇಳಿದಳು, ಎಪ್ಪತ್ತಕ್ಕೆ ಬಂದು ಕುಕ್ಕರಿಸಿದಳು. ಗಿರಣಿಗಳಿಂದ ದೂರು ಶುರುವಾಯಿತು. ಬಟ್ಟೆಯಲ್ಲಿ ಅಲ್ಲಲ್ಲಿ ಗಂಜಿ ಉಳಿದು ಬಣ್ಣ ಹಿಡಿಯುತ್ತಿಲ್ಲ ಎಂದು.

ಕಾರ್ಖಾನೆಯ ಯಜಮಾನರು ಇದಕ್ಕೆಂದೇ ಡಾಕ್ಟರಮ್ಮನನ್ನು ಕರೆತಂದರು. ಮದ್ದು ಕೊಡುವ ಡಾಕ್ಟರಲ್ಲ, ಓದಿ ಡಾಕ್ಟರ್ ಆದವರು. ನನಗಿಂತ ಹದಿನೈದು ವರ್ಷ ಚಿಕ್ಕವರು, ಕನ್ನಡಕದ ಹಿಂದೆ ಎರಡು ಚುರುಕು ಕಣ್ಣು. ಬಂದ ವಾರವೇ ಬೀಜದ ಕೋಣೆಯ ಗೋಡೆಗೆ ನಿಯಮಗಳ ಪಟ್ಟಿ ಅಂಟಿಸಿದರು. ನಾನು ಅದನ್ನು ಓದದೆ ಇದ್ದುದನ್ನು ನೋಡಿ, ಎರಡನೆಯ ವಾರ ಅದನ್ನೇ ದೊಡ್ಡ ಅಕ್ಷರದಲ್ಲಿ ಅಂಟಿಸಿದರು. ಅವರು ಬಂದ ನಾಲ್ಕನೆಯ ತಿಂಗಳ ಕೊನೆಯೊಳಗೆ ಅಜ್ಜಿ ಮತ್ತೆ ನೂರು ಮುಟ್ಟದಿದ್ದರೆ ಹೊರಗಿನಿಂದ ಸಿದ್ಧ ತಳಿ ತರಿಸುವುದು, ಬೀಜದ ಕೋಣೆ ಮುಚ್ಚುವುದು, ನನ್ನನ್ನು ಪ್ಯಾಕಿಂಗಿಗೆ ಕಳಿಸುವುದು ಎಂದು ಯಜಮಾನರು ತೀರ್ಮಾನಿಸಿಯಾಗಿತ್ತು. ಡಬ್ಬಕ್ಕೆ ಚೀಟಿ ಅಂಟಿಸುವುದು ನನಗೇನೂ ಅವಮಾನವಲ್ಲ. ಆದರೆ ಸಂಜೆ ಚಪ್ಪಲಿ ಬಿಡುವಾಗ ಮಾವನಿಗೆ ಏನು ಹೇಳುವುದು?

ಇನ್ನು ಆ ಸೋಮವಾರದ ವಿಚಾರ. ನನ್ನ ತಪ್ಪನ್ನು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರು ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಪ್ರತಿ ಸೋಮವಾರ ಅಜ್ಜಿಯಿಂದ ಎರಡು ಕೊಳವೆ ತುಂಬಬೇಕು. ಒಂದರಲ್ಲಿ ಅವಳನ್ನು ಗಿರಗಿರ ತಿರುಗಿಸಿ, ನೀರು ಬಸಿದು, ಉಳಿದ ಗಟ್ಟಿ ಮುದ್ದೆಯನ್ನು ಫ್ರೀಜರಿಗೆ ಇಡುವುದು, ಆಪತ್ತಿಗೆ ಇರಲಿ ಎಂದು. ಇನ್ನೊಂದರಲ್ಲಿ ನೀರು ಬೆರೆಸಿ ತೆಳ್ಳಗೆ ಮಾಡಿ, ಅದರ ಒಂದು ಹನಿಯನ್ನು ಔಷಧದ ತಟ್ಟೆಯ ಮೇಲೆ ಸವರುವುದು. ಔಷಧದ ತಟ್ಟೆ ಎಂದರೆ ಬ್ಯಾಕ್ಟೀರಿಯಾಕ್ಕೆ ಮೇವಾಗುವ ಜೆಲ್ಲಿಯಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಬೆರೆಸಿ ಹೊಯ್ದ ತಟ್ಟೆ. ಆ ಔಷಧಕ್ಕೆ ಅಜ್ಜಿ ಸಾಯುತ್ತಾಳೆ. ಆದ್ದರಿಂದ ಅದರ ಮೇಲೆ ಏನಾದರೂ ಬೆಳೆಯಿತೆಂದರೆ ಯಾವುದೋ ಹೊರಗಿನದು ಒಳಗೆ ನುಸುಳಿದೆ ಎಂದು ಅರ್ಥ. ಹಾಗಾದರೆ ಬೀಜವೆಲ್ಲ ಹೋಯಿತು, ಹಬೆಯಲ್ಲಿ ಬೇಯಿಸಿ ಚೆಲ್ಲಬೇಕು. ಎರಡೂ ಒಂದೇ ತರದ ಬಿಳಿ ಪ್ಲಾಸ್ಟಿಕ್ ಕೊಳವೆಗಳು, ಒಳಗೇನಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಗಟ್ಟಿಯದಕ್ಕೆ ಕೆಂಪು ರಬ್ಬರ್ ಬ್ಯಾಂಡ್ ಹಾಕುವುದು ನನ್ನ ಪದ್ಧತಿ. ಚೀಟಿ ಅಂಟಿಸಿ ಎಂದು ಗೋಡೆಯ ಪಟ್ಟಿ ಹೇಳುತ್ತದೆ. ನಾನು ಹೇಳಿದೆನಲ್ಲ, ಓದಿರಲಿಲ್ಲ.

ಅಂದು ಬೆಳಿಗ್ಗೆ ನನ್ನ ತಲೆಟೋಪಿಯ ಎಲಾಸ್ಟಿಕ್ ಪಟ್ಟನೆ ಹರಿಯಿತು. ಸರಿಯಾಗಿ ಅದೇ ಹೊತ್ತಿಗೆ ಡಾಕ್ಟರಮ್ಮ ಬಾಗಿಲಲ್ಲಿ.

"ಕೂದಲು ಹೊರಗಿದೆ," ಅಂದರು.

"ಟೋಪಿ ಹರಿದಿದೆ ಮೇಡಂ."

"ಕೂದಲು ಹೊರಗಿಟ್ಕೊಂಡು ಬೀಜ ಮುಟ್ಟೋ ಹಾಗಿಲ್ಲ. ಮೂರನೇ ನಿಯಮ."

"ಹದಿನೆಂಟು ವರ್ಷದಿಂದ ಮುಟ್ತಾ ಇದ್ದೀನಿ. ಇಲ್ಲೀವರೆಗೂ ಅಜ್ಜಿ ನನ್ನ ಕೂದಲಿನ ಮೇಲೆ ಚಾಡಿ ಹೇಳಿಲ್ಲ."

"ಅದಕ್ಕೇ ಇರಬೇಕು ಎಪ್ಪತ್ತಕ್ಕೆ ಬಂದಿರೋದು," ಎಂದು ಹೇಳಿ ಅವರು ಹೊರಟುಹೋದರು.

ನನಗೆ ಕೋಪ ಮೂಗಿನ ತುದಿಯಲ್ಲಿ. ಕೈಗೆ ಸಿಕ್ಕಿದ ರಬ್ಬರ್ ಬ್ಯಾಂಡಿನಿಂದ ಜುಟ್ಟನ್ನು ಬಿಗಿದು ಕಟ್ಟಿ, ಹೊಸ ಟೋಪಿ ಏರಿಸಿ, ಗೊಣಗುತ್ತ ಗೊಣಗುತ್ತ ಕೆಲಸ ಮುಗಿಸಿದೆ. ಸವರುವಾಗ ತಟ್ಟೆ ಯಾಕೋ ಅಂಟಂಟು ಅನ್ನಿಸಿತು. ಸರಿಯಾಗಿ ಒಣಗಿಲ್ಲವೇನೋ ಎಂದುಕೊಂಡೆ. ಬುಧವಾರ ನೋಡಿದರೆ ತಟ್ಟೆಯ ಮೇಲೆ ತೆಳುವಾದ ಮಬ್ಬಿತ್ತು, ಚುಕ್ಕೆ ಒಂದೂ ಇರಲಿಲ್ಲ. ಪಸೆ ಇರಬಹುದು ಎಂದು ರಿಜಿಸ್ಟರಿನಲ್ಲಿ "ಶುದ್ಧ" ಎಂದು ಬರೆದೆ.

ನಿಯಮದಂತೆ ಎರಡು ದಿನವಾದ ತಟ್ಟೆಯನ್ನು ಎಸೆಯಬೇಕು. ಆದರೆ ಮಾವ ಕಲಿಸಿದ್ದು ಬೇರೆ. "ಏಳು ದಿನ ಇಟ್ಕೋಬೇಕಮ್ಮಾ. ಅವಸರದವರು ಮೊದಲು ಬರ್ತಾರೆ, ನಿಧಾನಸ್ಥರು ಆಮೇಲೆ ಬರ್ತಾರೆ. ಇಬ್ಬರನ್ನೂ ಮಾತಾಡಿಸಿ ಕಳಿಸ್ಬೇಕು." ಹಾಗಾಗಿ ನಾನು ಹಳೆಯ ತಟ್ಟೆಗಳನ್ನು ಕಾವುಪೆಟ್ಟಿಗೆಯ ಕೆಳಗಿನ ಅರೆಯಲ್ಲಿ, ಒಂದು ಬಿಸ್ಕತ್ತಿನ ಡಬ್ಬದ ಹಿಂದೆ ಬಚ್ಚಿಡುತ್ತಿದ್ದೆ. ಡಬ್ಬ ಖಾಲಿ, ಅದು ಇದ್ದುದು ಮರೆ ಮಾಡಲಿಕ್ಕಷ್ಟೇ.

ಶುಕ್ರವಾರ ಬೆಳಿಗ್ಗೆ ಡಬ್ಬ ಸರಿಸಿ ನೋಡಿದೆ. ಔಷಧದ ತಟ್ಟೆಯ ಮೇಲೆ ಮೂರು ಚುಕ್ಕೆ, ಸಾಸಿವೆ ಕಾಳಿಗಿಂತ ಸಣ್ಣವು.

ನಿಜ ಹೇಳಬೇಕೆಂದರೆ, ಒಂದು ನಿಮಿಷ ಕೆಟ್ಟ ಯೋಚನೆ ಬಂತು. ನಿಯಮದ ಪ್ರಕಾರ ಈ ತಟ್ಟೆ ಬುಧವಾರವೇ ಕಸಕ್ಕೆ ಹೋಗಬೇಕಿತ್ತು. ಈಗ ಎಸೆದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಟ್ಯಾಂಕಿನಲ್ಲಿ ನಿಜವಾಗಿ ಹೊರಗಿನದು ಸೇರಿದ್ದರೆ ಇಡೀ ಟ್ಯಾಂಕು ಕೊಳೆತು ನಾರುತ್ತದೆ. ಜಗಳಗಂಟಿ ಎನ್ನಿಸಿಕೊಳ್ಳಲು ನನಗೆ ಅಡ್ಡಿಯಿಲ್ಲ, ಕಳ್ಳಿ ಎನ್ನಿಸಿಕೊಳ್ಳಲಾರೆ. ತಟ್ಟೆ ಹಿಡಿದು ನೇರ ಡಾಕ್ಟರಮ್ಮನ ಮೇಜಿನ ಮುಂದೆ ನಿಂತೆ.

ಅವರು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಕನ್ನಡಕ ತೆಗೆದು ಒರೆಸಿ, "ಕಾರಣ ಸಿಕ್ತು," ಅಂದರು. "ಎರಡು ವರ್ಷದಿಂದ ಯಾಕೆ ಇಳೀತಿದೆ ಅಂತ ತಲೆ ಕೆಡಿಸ್ಕೊಂಡಿದ್ದೆ. ಬೀಜದಲ್ಲೇ ಬೇರೆ ಯಾವುದೋ ಸೇರಿದೆ. ಇನ್ನು ತಿಂಗಳ ಕೊನೇವರೆಗೆ ಕಾಯೋದು ಬೇಡ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಫ್ರೀಜರಲ್ಲಿ ಇರೋದನ್ನೆಲ್ಲ ಹಬೆಗೆ ಹಾಕ್ಸೋಣ."

"ಎಲ್ಲಾನೂನಾ ಮೇಡಂ? ಹಳೇ ಕೊಳವೆಗಳನ್ನೂ?"

"ಎಲ್ಲಾನೂ. ಯಾವುದನ್ನ ಅಂತ ನಂಬೋದು?"

ಸಂಜೆ ಮನೆ ತಲುಪಿದೆ. ಬಾಗಿಲಲ್ಲಿ ಎಂದಿನಂತೆ, "ಏನಮ್ಮಾ, ಅಜ್ಜಿ ಹೇಗಿದ್ದಾಳೆ?" ನಾನು ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಎಪ್ಪತ್ತು ಅಂಕ, ಎರಡು ವರ್ಷದ ಸುಳ್ಳು, ಮೂರು ಚುಕ್ಕೆ, ಸೋಮವಾರ ಒಂಬತ್ತು ಗಂಟೆ. ಒಳಗಿನಿಂದ ನನ್ನ ಗಂಡ ಓಡಿ ಬಂದು, ಯಾರು ಸತ್ತರು ಎಂದು ಕೇಳಿದರು. ಅವರು ಬಸ್ ಡ್ರೈವರು, ಅವರಿಗೆ ಬ್ಯಾಕ್ಟೀರಿಯಾ ಎಂದರೆ ಕೈ ತೊಳೆಯಬೇಕು ಎಂಬುದಷ್ಟೇ ಗೊತ್ತು.

ಮಾವ ಸುಳ್ಳಿನ ಬಗ್ಗೆ ಚಕಾರ ಎತ್ತಲಿಲ್ಲ. ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು.

"ಚುಕ್ಕೆ ಯಾವತ್ತು ಬಂತು?"

"ಬುಧವಾರ ಇರಲಿಲ್ಲ ಮಾವ. ಇವತ್ತು ಇತ್ತು."

"ಅಂದ್ರೆ ನಾಲ್ಕನೇ ದಿನ. ಹೊರಗಿಂದು ಆಗಿದ್ರೆ ರಾತ್ರಿ ಕಳೆಯೋದ್ರೊಳಗೆ ಪ್ಲೇಟ್ ತುಂಬಿರೋದು. ಇಷ್ಟು ನಿಧಾನವಾಗಿ, ಇಷ್ಟು ನಾಚ್ಕೊಂಡು ಬರೋದು ಮನೆಯವರೇ ಇರ್ಬೇಕು." ಅವರ ಕಣ್ಣು ಹೊಳೆಯುತ್ತಿತ್ತು. "ಒಂದು ಹನಿ ತೆಳ್ಳಗಿನದನ್ನೇ ತಾನೇ ಸವರಿದ್ದು?"

"ಹೂಂ ಮಾವ. ಯಾವಾಗಲೂ ಹಾಗೇ."

"ಒಂದು ಹನೀಲಿ ಇರೋ ಅಷ್ಟು ಕಮ್ಮಿ ಜನರಲ್ಲಿ ಇದು ಆಗಲ್ವಲ್ಲ," ಎಂದು ಗದ್ದ ಕೆರೆದುಕೊಂಡರು. "ನಾಳೆ ಹೋಗಿ ಆ ಸೋಮವಾರದ ಫ್ರೀಜರ್ ಕೊಳವೆ ತೆಗೆದು ನೋಡು. ಆಮೇಲೆ ಮೂರಕ್ಕೂ ಪಥ್ಯದ ಪರೀಕ್ಷೆ ಮಾಡು. ನಮ್ಮ ಮನೆತನದ ಗುರುತು ಅದೇ ಅಲ್ವಾ?"

ಪಥ್ಯದ ಕತೆ ಹೇಳಬೇಕು. ಅಜ್ಜಿ ಎಳೆಯವಳಿದ್ದಾಗ ಅವಳನ್ನು ಇನ್ನಷ್ಟು ಚುರುಕು ಮಾಡಲು ಮಾವ ಒಮ್ಮೆ ಅತಿನೇರಳೆ ದೀಪದಡಿ ಹಿಡಿದರಂತೆ. ಚುರುಕಾಗುವುದರ ಜೊತೆಗೆ ಅವಳಿಗೆ ಒಂದು ಊನವೂ ಬಂತು. ಟ್ರಿಪ್ಟೊಫ್ಯಾನ್ ಎಂಬ ಒಂದು ವಸ್ತುವನ್ನು ಬೇರೆ ಬ್ಯಾಕ್ಟೀರಿಯಾಗಳು ತಾವೇ ಮಾಡಿಕೊಳ್ಳುತ್ತವೆ. ಅಜ್ಜಿಗೆ ಬರುವುದಿಲ್ಲ, ಒಂದು ಚಿಟಿಕೆ ನಾವೇ ಬೆರೆಸಿ ಕೊಡಬೇಕು, ಇಲ್ಲವಾದರೆ ಮುಷ್ಕರ ಹೂಡಿ ಬೆಳೆಯುವುದೇ ಇಲ್ಲ. ಚಿಟಿಕೆ ಇಲ್ಲದೆ ಬೆಳೆದರೆ ಹೊರಗಿನವರು, ಮುಷ್ಕರ ಹೂಡಿದರೆ ಮನೆಯವರು.

ಶನಿವಾರ ಬೆಳಿಗ್ಗೆ ಫ್ರೀಜರ್ ತೆಗೆದು ಸೋಮವಾರದ ಕೊಳವೆ ಕರಗಿಸಿದೆ. ಮುಚ್ಚಳ ಬಿಚ್ಚಿ ಬಗ್ಗಿಸಿದರೆ ಬೊಳಬೊಳ ನೀರು! ಗಟ್ಟಿ ಮುದ್ದೆ ಇರಬೇಕಾದ ಜಾಗದಲ್ಲಿ ತೆಳ್ಳಗಿನದು. ಹಾಗಾದರೆ ಗಟ್ಟಿಯದು ಎಲ್ಲಿ ಹೋಯಿತು? ಕೈ ತಾನಾಗಿ ಜುಟ್ಟಿಗೆ ಹೋಯಿತು. ಸೋಮವಾರ ಕಟ್ಟಿದ ಕೆಂಪು ರಬ್ಬರ್ ಬ್ಯಾಂಡು ಇನ್ನೂ ಅಲ್ಲೇ ಇತ್ತು. ಗುರುತಿನ ಬ್ಯಾಂಡನ್ನು ಕೊಳವೆಯಿಂದ ಕಿತ್ತು ತಲೆಗೆ ಕಟ್ಟಿಕೊಂಡು, ಕೊಳವೆಗಳನ್ನು ಅದಲುಬದಲು ಮಾಡಿ, ಅಷ್ಟು ಗಟ್ಟಿ ಮುದ್ದೆಯನ್ನು ಔಷಧದ ತಟ್ಟೆಗೆ ಮೆತ್ತಿದ್ದೆ. ಬುಧವಾರದ ಮಬ್ಬು ಪಸೆಯಲ್ಲ, ಸತ್ತು ಬಿದ್ದ ಅಜ್ಜಿಯ ಸಂತಾನ.

ಹಣೆ ಹಣೆ ಚಚ್ಚಿಕೊಂಡು ಡಾಕ್ಟರಮ್ಮನ ಕೋಣೆಗೆ ಹೋದೆ. ರಬ್ಬರ್ ಬ್ಯಾಂಡನ್ನು ಜುಟ್ಟಿನಿಂದ ಬಿಚ್ಚಿ ಅವರ ಮೇಜಿನ ಮೇಲಿಟ್ಟೆ. ನಡೆದುದನ್ನೂ ಮಾವ ಹೇಳಿದ ಪಥ್ಯದ ಪರೀಕ್ಷೆಯನ್ನೂ ಒಂದೇ ಉಸಿರಿಗೆ ಹೇಳಿದೆ. ಬಿಚ್ಚಿದ ಕೂದಲು ಮುಖದ ತುಂಬ ಹರಡಿತ್ತು, ಮೂರನೇ ನಿಯಮ ಚಿಂದಿಯಾಗಿತ್ತು.

ಅವರು ನನ್ನ ಕೂದಲನ್ನು ನೋಡಲೇ ಇಲ್ಲ. "ಎಷ್ಟು ಗಟ್ಟಿ ಇತ್ತು?"

"ಟೂತ್‌ಪೇಸ್ಟಿನಷ್ಟು."

ಪೆನ್ನು ಎಳೆದುಕೊಂಡು ಲಕೋಟೆಯ ಹಿಂಭಾಗದಲ್ಲಿ ಗೀಚಿದರು. ಗೀಚುತ್ತ ಗೀಚುತ್ತ ಅವರ ಮುಖ ಬದಲಾಯಿತು. ಪರೀಕ್ಷೆಯಲ್ಲಿ ಓದಿದ್ದ ಪ್ರಶ್ನೆಯೇ ಬಂದ ಹುಡುಗಿಯ ಹಾಗೆ ಆಯಿತು.

"ಹತ್ತಿರ ಹತ್ತಿರ ಸಾವಿರ ಕೋಟಿ ಜೀವ ಮೆತ್ತಿದ್ದೀರ ನೀವು. ಯಾರೂ ಬೇಕು ಅಂತ ಹೀಗೆ ಮಾಡಲ್ಲ. ಅಷ್ಟು ಜನರಲ್ಲಿ ಮೂರು ಜನ ಹುಟ್ಟುವಾಗಲೇ ಒಂಚೂರು ಬೇರೆ ತರ ಇದ್ರೆ ಆಶ್ಚರ್ಯ ಏನಿಲ್ಲ. ಸ್ಟ್ರೆಪ್ಟೊಮೈಸಿನ್ ಹೋಗಿ ಹಿಡ್ಕೊಳ್ಳೋದು ಒಳಗೆ ಪ್ರೋಟೀನ್ ಕಟ್ಟೋ ಯಂತ್ರಾನ. ಆ ಯಂತ್ರದ ಒಂದು ಭಾಗ ಬದಲಾದ್ರೆ ಔಷಧಿಗೆ ಹಿಡಿತ ಸಿಗಲ್ಲ, ಬದುಕ್ಕೋತಾರೆ. ಯಂತ್ರ ಬದಲಾಗಿದೆ ಅಂತ ನಿಧಾನವಾಗಿ ಬೆಳೀತಾರೆ." ಪೆನ್ನು ನಿಂತಿತು. "ಕಿಣ್ವ ಕೂಡ ಪ್ರೋಟೀನೇ ಅಲ್ವಾ?"

"ಅಂದ್ರೆ ಮೇಡಂ?"

"ಅಂದ್ರೆ, ಕಿಣ್ವ ಕಟ್ಟೋದೂ ಅದೇ ಯಂತ್ರ. ಯಂತ್ರ ಬದಲಾದ್ರೆ ಕೆಲವರಲ್ಲಿ ಕಿಣ್ವ ಕಮ್ಮಿ ಆಗುತ್ತೆ. ಕೆಲವರಲ್ಲಿ..." ಮಾತು ನುಂಗಿಕೊಂಡರು. "ಇಲ್ಲ ಇಲ್ಲ, ಮೊದಲು ಮನೆಯವರೋ ಹೊರಗಿನವರೋ ಗೊತ್ತಾಗ್ಲಿ. ಆಸೆ ಪಡೋದು ಆಮೇಲೆ."

ಆ ದಿನ ಮೊದಲ ಸಲ ನಾವಿಬ್ಬರೂ ಒಂದೇ ಮೇಜಿನಲ್ಲಿ ಕೆಲಸ ಮಾಡಿದೆವು. ಚಿಟಿಕೆ ಇರುವ ತಟ್ಟೆ, ಚಿಟಿಕೆ ಇಲ್ಲದ ತಟ್ಟೆ, ಗಂಜಿ ಬೆರೆಸಿದ ತಟ್ಟೆ. ಎಲ್ಲದರ ಮೇಲೂ ಮೂರು ಚುಕ್ಕೆಗಳನ್ನು ಗೀರಿ, ಹೋಲಿಕೆಗೆ ಪಕ್ಕದಲ್ಲಿ ಅಜ್ಜಿಯನ್ನೂ ಗೀರಿದೆವು. ಹೊರಗಿನವರ ಪರವಾಗಿ ಒಬ್ಬರು ಬೇಕಲ್ಲ, ಡಾಕ್ಟರಮ್ಮನ ಕಿಟಕಿಯಲ್ಲಿದ್ದ ಹೂಕುಂಡದ ಮಣ್ಣನ್ನು ನೀರಿಗೆ ಹಾಕಿ ಅದರ ಒಂದು ಗೀರು. ನಾನು ಪ್ರತಿಯೊಂದಕ್ಕೂ ಚೀಟಿ ಅಂಟಿಸಿದೆ. ಅವರು ಅದನ್ನು ನೋಡಿದರು, ನೋಡದವರ ಹಾಗೆ ಇದ್ದರು.

ಭಾನುವಾರ ಮಧ್ಯಾಹ್ನ ನಾನು ಹೊರಡುವ ಹೊತ್ತಿಗೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ತಯಾರಾಗಿ ನಿಂತಿದ್ದರು. ನಿವೃತ್ತರಾದ ಮೇಲೆ ಅವರು ಕಾರ್ಖಾನೆಯ ಕಡೆ ತಲೆ ಹಾಕಿರಲಿಲ್ಲ. ಹೋದರೆ ಬರಲು ಮನಸ್ಸಾಗುವುದಿಲ್ಲ ಎನ್ನುತ್ತಿದ್ದರು. "ಸುಮ್ಮನೆ ಗೇಟಿನವರೆಗೆ ಬರ್ತೀನಿ," ಎಂದರು. ಗೇಟಿನವರೆಗೆ ಬಂದವರು ಮೆಟ್ಟಿಲು ಹತ್ತಿದರು. ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಟೋಪಿ ಹಾಕಿಕೊಂಡು ಕೈ ತೊಳೆದು ನಿಂತರು.

ಡಾಕ್ಟರಮ್ಮ ಎದ್ದು ನಿಂತು, "ನಮಸ್ಕಾರ ಸರ್. ರಿಜಿಸ್ಟರಲ್ಲಿ ನಿಮ್ಮ ಅಕ್ಷರ ನೋಡಿದ್ದೀನಿ," ಎಂದರು.

"ಅಕ್ಷರ ಕೆಟ್ಟದಾಗಿದೆ ಅಂತ ನನಗೂ ಗೊತ್ತಮ್ಮಾ. ಪ್ಲೇಟ್ ತೆಗೀರಿ," ಎಂದರು ಮಾವ.

ಮೊದಲು ಚಿಟಿಕೆ ಇರುವ ತಟ್ಟೆ. ಐದು ಗೀರೂ ಬೆಳೆದಿದ್ದವು, ಮೂರು ಚುಕ್ಕೆಗಳವು ಕೊಂಚ ಸಣಕಲು. ಆಮೇಲೆ ಚಿಟಿಕೆ ಇಲ್ಲದ ತಟ್ಟೆ. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದರು. ಹೂಕುಂಡದ ಮಣ್ಣಿನ ಗೀರು ದಷ್ಟಪುಷ್ಟವಾಗಿ ಬೆಳೆದು ಕೂತಿತ್ತು. ಅಜ್ಜಿಯ ಜಾಗ ಖಾಲಿ. ಮೊದಲ ಚುಕ್ಕೆ ಖಾಲಿ. ಎರಡನೆಯದು ಖಾಲಿ. ಮೂರನೆಯದೂ ಖಾಲಿ.

"ಮುಷ್ಕರ!" ಎಂದು ಕೂಗಿದೆ. "ಮೂವರೂ ಮುಷ್ಕರ ಹೂಡಿದ್ದಾರೆ ಮಾವ! ಮನೆಯವರೇ!"

ಏನೂ ಬೆಳೆಯದ ತಟ್ಟೆಯನ್ನು ನೋಡಿ ಅಷ್ಟು ಖುಷಿಪಟ್ಟವರು ಲೋಕದಲ್ಲಿ ಬೇರೆ ಯಾರೂ ಇರಲಾರರು. ಮಾವ ಖಾಲಿ ಜಾಗವನ್ನೇ ನೋಡುತ್ತ, "ಅದೇ ಹಟ, ಅದೇ ಹಟ," ಎಂದು ನಕ್ಕರು. ಡಾಕ್ಟರಮ್ಮನೂ ನಕ್ಕರು. ನಗುವಾಗ ಅವರ ಒಂದು ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂದು ನಾಲ್ಕು ತಿಂಗಳಲ್ಲಿ ಮೊದಲ ಸಲ ನೋಡಿದೆ.

ಗಂಜಿ ತಟ್ಟೆ ಉಳಿದಿತ್ತು. ಅದರ ಮೇಲೆ ಅಯೋಡಿನ್ ಸುರಿದರೆ ಗಂಜಿ ಇರುವಲ್ಲೆಲ್ಲ ಕಡುನೀಲಿಯಾಗುತ್ತದೆ. ಕಿಣ್ವ ಗಂಜಿಯನ್ನು ತಿಂದು ಮುಗಿಸಿರುವಲ್ಲಿ ಮಾತ್ರ ಬಣ್ಣ ಹಿಡಿಯುವುದಿಲ್ಲ, ಸುತ್ತ ತಿಳಿಯಾದ ಅಂಚು ಉಳಿಯುತ್ತದೆ. ಅಂಚು ಅಗಲವಾದಷ್ಟೂ ಕಿಣ್ವ ಹೆಚ್ಚು. "ನೀವು ಹಾಕಿ ಸರ್," ಎಂದು ಡಾಕ್ಟರಮ್ಮ ಬಾಟಲಿಯನ್ನು ಮಾವನ ಕೈಗೆ ಕೊಟ್ಟರು. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ಸುರಿದರು.

ತಟ್ಟೆ ನೀಲಿಯಾಯಿತು. ಅಜ್ಜಿಯ ಸುತ್ತ ಅಂಗಿ ಗುಂಡಿಯ ಅಂಚಿನಷ್ಟು ತಿಳಿ. ಮೊದಲ ಚುಕ್ಕೆಯ ಸುತ್ತ ಅದಕ್ಕಿಂತ ಕಮ್ಮಿ, ಇಲ್ಲವೆಂದೇ ಹೇಳಬೇಕು. ಎರಡನೆಯದು ಅಜ್ಜಿಯಷ್ಟೇ. ಮೂರನೆಯದರ ಗೀರು ಎಲ್ಲಕ್ಕಿಂತ ಸಣಕಲಾಗಿತ್ತು, ಆದರೆ ಅದರ ಸುತ್ತ ನನ್ನ ಹೆಬ್ಬೆರಳು ಇಡುವಷ್ಟು ಅಗಲಕ್ಕೆ ತಿಳಿಯಾಗಿತ್ತು. ನೀಲಿ ಎಲ್ಲೋ ದೂರದಲ್ಲಿ ಶುರುವಾಗುತ್ತಿತ್ತು.

ಮಾವ ತಟ್ಟೆಯ ಮೇಲೆ ಬಗ್ಗಿ, "ಈ ಪುಟ್ಟಿಗೆ ಎಷ್ಟು ಹಸಿವಮ್ಮಾ," ಎಂದರು.

"ಇದು ನಿಧಾನವಾಗಿ ಬೆಳೆಯುತ್ತೆ ಸರ್," ಎಂದರು ಡಾಕ್ಟರಮ್ಮ. ಅವರ ದನಿ ಸಣ್ಣಗಾಗಿತ್ತು. "ಆದ್ರೆ ಬೆಳೆಯೋದು ನಿಂತ ಮೇಲೆ ಉಳಿದವರೆಲ್ಲ ಯಂತ್ರ ಆರಿಸಿ ಮಲಗ್ತಾರೆ. ಇದರದ್ದು ಬಹುಶಃ ಆಗಲೂ ಓಡ್ತಾನೇ ಇರುತ್ತೆ. ಕಿಣ್ವ ಜಾಸ್ತಿ ತಯಾರಾಗೋದೇ ಆ ಹೊತ್ತಲ್ಲಿ."

"ಅಂದ್ರೆ ರಿಟೈರಾದ ಮೇಲೂ ಕೆಲಸ ನಿಲ್ಲಿಸದವಳು. ಇದು ಯಾರ ಕಡೆಯಿಂದ ಬಂತು ಅಂತ ಕೇಳೋದೇ ಬೇಡ," ಎಂದೆ ನಾನು. ಮಾವ ಕೇಳಿಸದವರಂತೆ ತಟ್ಟೆ ನೋಡುತ್ತಿದ್ದರು. ಅವರ ಕಿವಿ ಚುರುಕು ಎಂಬುದು ನನಗೆ ಗೊತ್ತು.

ಆದರೆ ಡಾಕ್ಟರಮ್ಮ ಡಾಕ್ಟರಮ್ಮನೇ. ಬೀಜ ಕೆಟ್ಟಿಲ್ಲ ಎಂದು ಒಪ್ಪಿಕೊಂಡರು, ಸೋಮವಾರದ ಹಬೆ ರದ್ದು ಎಂದರು. ಆದರೆ ತಟ್ಟೆ ಬೇರೆ, ಫ್ಲಾಸ್ಕು ಬೇರೆ. ಫ್ಲಾಸ್ಕಿನಲ್ಲಿ ಬೆಳೆಸಿ, ನಾಲ್ಕನೆಯ ದಿನ ಅಳೆದು, ನೂರು ದಾಟಿದರೆ ಮಾತ್ರ ಯಜಮಾನರ ಬಳಿ ಹೋಗುವುದು. ದಾಟದಿದ್ದರೆ ಹೊರಗಿನ ತಳಿಗೆ ತಾವೇ ಹೂಂ ಎನ್ನುವುದು. ಸಂಜೆ ಐದಕ್ಕೆ ನಾವು ಫ್ಲಾಸ್ಕುಗಳನ್ನು ಅಲ್ಲಾಡುವ ಮೇಜಿನ ಮೇಲೆ ಇಟ್ಟೆವು. ಮಾವ ಹೊರಡುವ ಮುನ್ನ ಅದರ ಗಾಜಿನ ಬಾಗಿಲನ್ನು ಎರಡು ಸಲ ತಟ್ಟಿದರು, ಮಗುವಿನ ಬೆನ್ನು ತಟ್ಟುವ ಹಾಗೆ.

ಸೋಮವಾರ ಒಂಬತ್ತಕ್ಕೆ ಸರಿಯಾಗಿ ಬಾಯ್ಲರ್ ಅಣ್ಣ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದರು. ಹಬೆ ಪೈಪುಗಳ ಯಜಮಾನರು ಅವರು, ಯಾವ ಸುದ್ದಿಯೂ ಅವರಿಗೆ ಕೊನೆಗೇ ತಲುಪುವುದು. "ಹಬೆ ರೆಡಿ ಮಾಡಿ ಕೂತಿದ್ದೀನಿ. ಯಾರನ್ನ ಬೇಯಿಸ್ಬೇಕು?"

"ಯಾರನ್ನೂ ಇಲ್ಲ," ಎಂದರು ಡಾಕ್ಟರಮ್ಮ.

"ಐದು ಗಂಟೆಗೆ ಎದ್ದು ಬಂದಿದ್ದೀನಮ್ಮಾ!"

"ಹಾಗಾದ್ರೆ ಟೀ ಕಾಯಿಸಿ ಅಣ್ಣ. ಮೂರು ಲೋಟ."

ಆ ನಾಲ್ಕು ದಿನ ನಾನು ಮನೆಯಲ್ಲಿ ಉಪ್ಪು ಹಾಕಿದ್ದಕ್ಕೇ ಮತ್ತೆ ಉಪ್ಪು ಹಾಕಿದೆ. ನನ್ನ ಗಂಡ ಮೊಸರು ಕಲಸಿಕೊಂಡು ನುಂಗಿದರು. ಮಾವ ಸಂಜೆ ಕೇಳುವ ಪ್ರಶ್ನೆಯನ್ನೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಒಳಗೆ ಹೋಗುತ್ತಿದ್ದರು.

ಗುರುವಾರ ಮಧ್ಯಾಹ್ನ ಫ್ಲಾಸ್ಕು ಇಳಿಸಿದೆವು. ಅಳೆಯುವುದು ಡಾಕ್ಟರಮ್ಮ, ಬರೆಯುವುದು ನಾನು. ಗಾಜಿನ ಕೊಳವೆಯಲ್ಲಿ ಗಂಜಿ, ಅದಕ್ಕೆ ಕಿಣ್ವ, ಅದಕ್ಕೆ ಅಯೋಡಿನ್. ಎಷ್ಟು ನೀಲಿ ಮಾಯವಾಯಿತು ಎಂದು ಯಂತ್ರ ಓದುತ್ತದೆ. "ಅಜ್ಜಿ, ಎಪ್ಪತ್ತೊಂದು," ಎಂದರು. ಬರೆದೆ. "ಒಂದನೇ ಚುಕ್ಕೆ, ಇಪ್ಪತ್ತು." ಬರೆದೆ. "ಎರಡನೇದು, ಅರವತ್ತೆಂಟು." ಬರೆದೆ. ಆಮೇಲೆ ಮೂರನೆಯದರ ಸರದಿ. ಕೊಳವೆ ಹೊರತೆಗೆದು, ಇನ್ನೊಮ್ಮೆ ಇಟ್ಟು ನೋಡಿದರು. ಮೂರನೆಯ ಸಲ ಹೊಸದಾಗಿ ಬೆರೆಸಿ ನೋಡಿದರು.

"ಬೇಗ ಹೇಳಿ ಮೇಡಂ, ನನಗೆ ಎದೆ ಹೊಡ್ಕೋತಿದೆ."

"ನೂರ ಎಂಬತ್ತು ಅಕ್ಕಾ," ಎಂದರು.

ಅಕ್ಕಾ ಎಂದದ್ದು ಅವರಿಗೇ ತಿಳಿಯಲಿಲ್ಲ. ನನಗೆ ತಿಳಿಯಿತು, ಆದರೆ ಮೊದಲು ಕುಣಿದೆ. ನಲವತ್ತೇಳು ವರ್ಷದ ಹೆಂಗಸು, ಬಿಳಿ ಕೋಟು, ಕಾಲಿಗೆ ಪ್ಲಾಸ್ಟಿಕ್ ಚೀಲ, ಸಿಂಕಿನಿಂದ ಫ್ರೀಜರಿನವರೆಗೆ ಕುಣಿದು ಕುಪ್ಪಳಿಸಿದೆ. ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡು ತಾವೂ ಎರಡು ಸುತ್ತು ಬಂದರು. ಬಾಗಿಲ ಬಳಿ ಬಾಯ್ಲರ್ ಅಣ್ಣ ಬಾಯಿ ತೆರೆದುಕೊಂಡು ನಿಂತಿದ್ದರು.

ಉಸಿರು ಸುಧಾರಿಸಿಕೊಂಡ ಮೇಲೆ ಕೆಲಸದ ಮಾತು. ಈ ಬದಲಾವಣೆ ಅದರ ಸ್ವಂತ ಯಂತ್ರದೊಳಗಿನದು, ಪಕ್ಕದ ಬ್ಯಾಕ್ಟೀರಿಯಾಕ್ಕೆ ಸುಲಭವಾಗಿ ದಾಟುವಂಥದ್ದಲ್ಲ ಎಂದರು ಡಾಕ್ಟರಮ್ಮ. ಆದರೂ ಟ್ಯಾಂಕಿನಿಂದ ಒಂದು ಹನಿಯೂ ಜೀವಂತ ಹೊರಹೋಗಬಾರದು, ಎಲ್ಲವನ್ನೂ ಕೊಂದು ಸೋಸಿಯೇ ಕಳಿಸಬೇಕು ಎಂದರು. ಅದು ಬಾಯ್ಲರ್ ಅಣ್ಣನ ಪಾಲಿಗೆ ಹೋಯಿತು. ಸ್ಟ್ರೆಪ್ಟೊಮೈಸಿನ್ ತಟ್ಟೆ ಇನ್ನು ಕಾವಲಿಗೆ ಬಾರದು, ಈ ಪುಟ್ಟಿ ಅದರ ಮೇಲೆ ಆರಾಮಾಗಿ ಕೂರುತ್ತಾಳೆ, ಬೇರೆ ಔಷಧ ಹುಡುಕಬೇಕು. ಹಳೆಯ ಅಜ್ಜಿಯನ್ನು ಏನು ಮಾಡುವುದು ಎಂದು ನಾನು ಹೆದರಿ ಹೆದರಿ ಕೇಳಿದೆ. "ಮೇಲಿನ ಅರೆಯಲ್ಲಿ ಇಡೋಣ. ಅವಳಿಲ್ದೆ ಇವಳೆಲ್ಲಿ?" ಎಂದರು. ಆಮೇಲೆ ಗೋಡೆಯ ಪಟ್ಟಿಯ ಬಳಿ ಹೋಗಿ, ಎರಡನೇ ನಿಯಮದ "ಎರಡು ದಿನ" ಎಂಬುದನ್ನು ಹೊಡೆದುಹಾಕಿ "ಏಳು ದಿನ" ಎಂದು ಬರೆದರು. ಮೂರನೆಯದನ್ನು ಮುಟ್ಟಲಿಲ್ಲ. ಕೂದಲಿನ ನಿಯಮ ಸರಿಯಾದದ್ದೇ, ನಾನೂ ಈಗ ಒಪ್ಪುತ್ತೇನೆ.

ಸಂಜೆ ಬಸ್ಸು ನನಗಿಂತ ನಿಧಾನ ಎನ್ನಿಸಿತು. ಎರಡು ನಿಲ್ದಾಣ ಮೊದಲೇ ಇಳಿದು ನಡೆದೇ ಬಂದೆ, ಅದಕ್ಕೆ ಇನ್ನೂ ತಡವಾಯಿತು. ಮನೆಯ ತಿರುವಿನಲ್ಲಿ ಎಲ್ಲ ಮಾತನ್ನೂ ಜೋಡಿಸಿಕೊಂಡೆ. ಮಾವ "ಅಜ್ಜಿ ಹೇಗಿದ್ದಾಳೆ" ಎನ್ನುತ್ತಾರೆ, ನಾನು ಮೊದಲು ಮುಖ ಸಪ್ಪೆ ಮಾಡಿಕೊಂಡು ಆಟ ಆಡಿಸುತ್ತೇನೆ, ಆಮೇಲೆ ಹೇಳುತ್ತೇನೆ.

ಮಾವ ಬಾಗಿಲಲ್ಲೇ ಇದ್ದರು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಬೆವರಿದ ಹಣೆ, ಕೆದರಿದ ಜುಟ್ಟು, ಅದರಲ್ಲಿ ಡಾಕ್ಟರಮ್ಮ ವಾಪಸು ಕೊಟ್ಟ ಕೆಂಪು ರಬ್ಬರ್ ಬ್ಯಾಂಡು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದೆ, ಇನ್ನೊಂದು ಕಾಲಲ್ಲೇ ಇತ್ತು.

"ಏನಮ್ಮಾ," ಎಂದರು ಮಾವ, "ಹೇಗಿದ್ದೀಯ?"

ಜೋಡಿಸಿಟ್ಟ ಮಾತೆಲ್ಲ ಮರೆತುಹೋಯಿತು. ಹನ್ನೊಂದು ವರ್ಷ ಕಾದ ಪ್ರಶ್ನೆ ಅದು. ಕಣ್ಣು ತುಂಬಿತು, ನಗುವೂ ಬಂತು, ಎರಡೂ ಒಟ್ಟಿಗೆ.

"ನೂರ ಎಂಬತ್ತು ಮಾವ," ಎಂದೆ.

ಅವರು ಬಾಗಿ, ನಾನು ಬಿಡಬೇಕಿದ್ದ ಇನ್ನೊಂದು ಚಪ್ಪಲಿಗೆ ಸ್ಟ್ಯಾಂಡಿನಲ್ಲಿ ಜಾಗ ಮಾಡಿಕೊಟ್ಟರು.